ಆಲಿಯಾ ಜೀವನಚಿತ್ರ: ವೀಕ್ಷಕರು ಸಿಟ್ಟಾದದ್ದು ಮುಖಕ್ಕೋ, ಹಾಡಿಗೋ, ಕಥೆಗೋ?

ಪ್ರಶ್ನೆ: ನಾವು ಮೂವತ್ತು ವರ್ಷಗಳಿಂದ ಅಮೆರಿಕದ ಡೆಟ್ರಾಯಿಟ್ ಪಕ್ಕದ ಊರಿನಲ್ಲಿ ನೆಲೆಸಿದ್ದೇವೆ. ನನ್ನ ಮಗಳು ಶಾಲೆಗೆ ಹೋಗುತ್ತಿದ್ದಾಗ ಗಾಯಕಿ ಆಲಿಯಾ ಎಂದರೆ ಅವಳಿಗೆ ಪ್ರಾಣ. ಕಳೆದ ತಿಂಗಳು ಅವಳು ಮನೆಗೆ ಬಂದಿದ್ದಾಗ, ಲೈಫ್‌ಟೈಮ್ ವಾಹಿನಿ 2014ರಲ್ಲಿ ಪ್ರಸಾರ ಮಾಡಿದ ಆಲಿಯಾಳ ಜೀವನಚಿತ್ರವನ್ನು ಇಬ್ಬರೂ ನೋಡಲು ಕುಳಿತೆವು. ಮದುವೆಯ ಭಾಗ ಬರುತ್ತಿದ್ದಂತೆ ಮಗಳು ಟೀವಿ ಆರಿಸಿ ಎದ್ದುಹೋದಳು. ಉಳಿದದ್ದನ್ನು ಮರುದಿನ ನಾನೊಬ್ಬಳೇ ನೋಡಿದೆ. ನನಗೆ ಅಷ್ಟೇನೂ ಕೆಟ್ಟದ್ದೆನಿಸಲಿಲ್ಲ, ನಟಿಯೂ ಚೆನ್ನಾಗಿಯೇ ನಟಿಸಿ ಹಾಡಿದ್ದಾಳೆ. ಆದರೆ ಆ ಕಾಲದಲ್ಲಿಯೇ ಜನ ಇದನ್ನು ಬಹಳ ಹಳಿದರಂತೆ. ಏಕೆ? ಆಕೆಯ ಹೆಸರಾಂತ ಹಾಡುಗಳು ಅದರಲ್ಲಿ ಏಕಿಲ್ಲ? ಮನೆಯವರು ಒಪ್ಪದಿದ್ದರೂ ತೀರಿಕೊಂಡವರ ಕಥೆಯನ್ನು ಹೀಗೆ ತೆಗೆಯಬಹುದೇ? ಮೊದಲು ಆಯ್ಕೆಯಾಗಿದ್ದ ನಟಿ ಜೆಂಡಾಯಾ ನಟಿಸಿದ್ದರೆ ಚಿತ್ರ ಉಳಿಯುತ್ತಿತ್ತೇ?

ಉತ್ತರ: ನಿಮ್ಮ ಪ್ರಶ್ನೆಗಳು ನಾಲ್ಕಾದರೂ ಅವುಗಳ ಉತ್ತರ ಒಂದರೊಳಗೊಂದು ಹೆಣೆದುಕೊಂಡಿದೆ. ನಿಮ್ಮ ಮಗಳು ಟೀವಿ ಆರಿಸಿದ ಆ ಜಾಗವೇ ಎಲ್ಲಕ್ಕಿಂತ ಮುಖ್ಯವಾದದ್ದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿಗೆ ಬರುವ ಮುನ್ನ ಹಾಡಿನ ಮಾತು, ಮುಖದ ಮಾತು ಮುಗಿಯಬೇಕು.

ಈ ಹೆಸರು ಕೇಳಿರದ ಓದುಗರಿಗಾಗಿ ಎರಡು ಸಾಲು. ಆಲಿಯಾ ಹಾಟನ್ 1979ರ ಜನವರಿ 16ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿ ಡೆಟ್ರಾಯಿಟ್‌ನಲ್ಲಿ ಬೆಳೆದಳು. ಹದಿನೈದನೆಯ ವಯಸ್ಸಿನಲ್ಲಿ ಮೊದಲ ಆಲ್ಬಮ್ ಹೊರತಂದು, ಇಪ್ಪತ್ತೊಂದು ತುಂಬುವಷ್ಟರಲ್ಲಿ ಕಪ್ಪು ಅಮೆರಿಕನ್ನರ ಆರ್ ಅಂಡ್ ಬಿ ಸಂಗೀತದ ದಿಕ್ಕನ್ನು ಬದಲಿಸಿದವರಲ್ಲಿ ಒಬ್ಬಳೆನಿಸಿದಳು. 2001ರ ಆಗಸ್ಟ್ 25ರಂದು ಬಹಾಮಾಸ್‌ನಲ್ಲಿ ಹಾಡೊಂದರ ಚಿತ್ರೀಕರಣ ಮುಗಿಸಿ ಹೊರಟಾಗ, ಮಿತಿಮೀರಿ ಭಾರ ಹೇರಿದ್ದ ಸಣ್ಣ ವಿಮಾನ ಮೇಲೇರುತ್ತಿದ್ದಂತೆಯೇ ಕೆಳಗೆ ಬಿದ್ದು ಅದರಲ್ಲಿದ್ದ ಒಂಬತ್ತೂ ಮಂದಿ ತೀರಿಕೊಂಡರು. ಆಗ ಆಕೆಗೆ 22 ವರ್ಷ.

ನೀವೂ ನಿಮ್ಮ ಮಗಳೂ ಒಂದೇ ಚಿತ್ರವನ್ನು ಎರಡು ಬಗೆಯಾಗಿ ಕೇಳಿದ್ದೀರಿ. ನೋಡಿದ್ದೀರಿ ಎನ್ನುವುದಕ್ಕಿಂತ ಕೇಳಿದ್ದೀರಿ ಎನ್ನುವುದೇ ಸರಿ. ನಾವು ಹಿನ್ನೆಲೆ ಗಾಯನದ ನೆಲದಲ್ಲಿ ಬೆಳೆದವರು. ರಾಜ್‌ಕುಮಾರ್ ಶರೀರ, ಪಿ.ಬಿ. ಶ್ರೀನಿವಾಸ್ ಶಾರೀರ ಎಂಬ ಮಾತು ನಮ್ಮಲ್ಲಿ ಗಾದೆಯಷ್ಟೇ ಬಳಕೆಯಲ್ಲಿದೆ. ತುಟಿ ಒಬ್ಬರದು, ಕಂಠ ಇನ್ನೊಬ್ಬರದು ಎಂಬುದು ನಮಗೆ ಕೊರತೆಯಾಗಿ ಕಾಣುವುದೇ ಇಲ್ಲ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಿಂದ ಮುಂದೆ ರಾಜ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದಾಗ ಆ ಬದಲಾವಣೆಯನ್ನೂ ನಮ್ಮ ಕಿವಿ ಅಷ್ಟೇ ಸುಲಭವಾಗಿ ಒಪ್ಪಿಕೊಂಡಿತು. ಅಮೆರಿಕದ ಪಾಪ್ ಸಂಗೀತದಲ್ಲಿ ಹಾಗಿಲ್ಲ. ಅಲ್ಲಿ ಕಂಠ, ಮುಖ, ಉಡುಗೆ, ಕುಣಿತ, ಬದುಕು ಎಲ್ಲವೂ ಒಬ್ಬರೇ. ಅಭಿಮಾನಿ ಕೊಂಡುಕೊಳ್ಳುವುದು ಆ ಇಡಿಯನ್ನು. ಹಾಗಾಗಿ ನಟಿ ಇಂಪಾಗಿ ಹಾಡಿದ್ದಾಳೆ ಎಂದು ನಿಮಗೆ ಸಮಾಧಾನವಾದ ಕಡೆಯಲ್ಲಿಯೇ ನಿಮ್ಮ ಮಗಳಿಗೆ ಯಾರೋ ಪರಿಚಯವಿಲ್ಲದವರು ತನ್ನ ಗೆಳತಿಯ ಅಂಗಿ ತೊಟ್ಟು ಬಂದಂತೆ ಅನಿಸಿರಬೇಕು. ರಾಜಕಾರಣಿಯ ಅಥವಾ ಆಟಗಾರನ ಜೀವನಚಿತ್ರಕ್ಕೆ ಇರದ ಕಷ್ಟ ಗಾಯಕರ ಜೀವನಚಿತ್ರಕ್ಕೆ ಇರುವುದು ಇಲ್ಲಿಯೇ: ನೋಡುವವರ ಕಿವಿಯಲ್ಲಿ ಅಸಲಿ ಆಗಲೇ ಅಚ್ಚಾಗಿರುತ್ತದೆ.

ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ‘ಅಟ್ ಯುವರ್ ಬೆಸ್ಟ್’ ಎಂಬ ಹಾಡನ್ನು ಆಲಿಯಾಳ ಮೊದಲ ಆಲ್ಬಮ್ಮಿನಿಂದ ಹಾಕಿ, ಹೆಡ್‌ಫೋನಿನಲ್ಲಿ ಕೇಳಿ. ಆರಂಭದಲ್ಲಿ ತಾಳವಿಲ್ಲ, ಆಕೆಯ ಕಂಠವೊಂದೇ. ಆ ದನಿ ಏರುವುದೇ ಇಲ್ಲ. ಎದುರಿಗಿರುವವರ ಕಿವಿಯ ಹತ್ತಿರ ಬಂದು ಹೇಳಿದಂತೆ ಮೆತ್ತಗೆ, ಅರ್ಧ ಉಸಿರು, ಅರ್ಧ ಸ್ವರ. ಆಮೇಲೆ ತಾಳ ಬರುತ್ತದೆ, ಆದರೆ ತಾಳ ಬಂದಿತೆಂದು ಆಕೆ ದನಿಯನ್ನು ಗಟ್ಟಿ ಮಾಡುವುದಿಲ್ಲ. ಅದೇ ಕಾಲದ ಬೇರೆ ಗಾಯಕಿಯರು ಎದೆ ತುಂಬಿ, ಗಂಟಲು ತೆರೆದು ಹಾಡುತ್ತಿದ್ದಾಗ ಹದಿನೈದರ ಹುಡುಗಿಯೊಬ್ಬಳು ಹೀಗೆ ತಗ್ಗಿಸಿಯೇ ಹಾಡುತ್ತೇನೆಂದು ನಿಂತದ್ದು ಆಕೆಯ ಗುರುತು. ಈಗ ಚಿತ್ರದಲ್ಲಿ ಇದೇ ಹಾಡನ್ನು ನಟಿ ಅಲೆಗ್ಸಾಂಡ್ರಾ ಶಿಪ್ ಹಾಡಿರುವುದನ್ನು ಕೇಳಿ. ಶ್ರುತಿ ತಪ್ಪಿಲ್ಲ, ಶ್ರದ್ಧೆಯಿಂದ ಹಾಡಿದ್ದಾಳೆ; ಆದರೂ ಇದು ಬೇರೆ ಹಾಡು. ಆ ಉಸಿರು ಇಲ್ಲಿಲ್ಲ. ಇದಕ್ಕೆ ಶಿಪ್ ಅವರನ್ನು ದೂರುವುದು ಅನ್ಯಾಯವೆಂದು ನಾನು ಎಂದಿನಿಂದಲೂ ಹೇಳುತ್ತ ಬಂದಿದ್ದೇನೆ. ಚಿತ್ರ ಪ್ರಸಾರವಾದ ರಾತ್ರಿ ಜನರು ಆಕೆಯನ್ನು ನೇರವಾಗಿ ನಿಂದಿಸಿದ್ದನ್ನು ಓದಿ ನನಗೆ ನೋವಾಗಿತ್ತು. ಪಾತ್ರವನ್ನು ಒಪ್ಪಿಕೊಂಡದ್ದಷ್ಟೇ ಆಕೆಯ ಪಾಲು. ಮಿಕ್ಕ ನಿರ್ಧಾರಗಳೆಲ್ಲ ವಾಹಿನಿಯವು, ನಿರ್ಮಾಪಕರವು.

ಈಗ ಹೆಸರಾಂತ ಹಾಡುಗಳು ಏಕಿಲ್ಲ ಎಂಬ ಪ್ರಶ್ನೆ. ಧ್ವನಿಮುದ್ರಿತ ಹಾಡೊಂದರಲ್ಲಿ ಎರಡು ಬೇರೆ ಬೇರೆ ಆಸ್ತಿಗಳಿರುತ್ತವೆ. ಒಂದು ಸಾಹಿತ್ಯ ಮತ್ತು ಸ್ವರಸಂಯೋಜನೆ. ಅದು ಬರೆದವರದು, ಅವರ ಪರವಾಗಿ ಪ್ರಕಾಶನ ಕಂಪನಿಯದು. ಇನ್ನೊಂದು ಆ ನಿರ್ದಿಷ್ಟ ಮುದ್ರಣ, ಅಂದರೆ ಸ್ಟುಡಿಯೋದಲ್ಲಿ ಹಾಡಿ ಮುದ್ರಿಸಿದ ಮೂಲ ಮಾಸ್ಟರ್; ಅದು ಸಾಮಾನ್ಯವಾಗಿ ಧ್ವನಿಮುದ್ರಣ ಕಂಪನಿಯದು. ಆಲಿಯಾಳ ದನಿಯನ್ನೇ ಚಿತ್ರದಲ್ಲಿ ಕೇಳಿಸಬೇಕಾದರೆ ಎರಡೂ ಕಡೆಯ ಅನುಮತಿ ಬೇಕು. ನಟಿಯಿಂದ ಹೊಸದಾಗಿ ಹಾಡಿಸಿದರೆ ಮಾಸ್ಟರ್ ಹಕ್ಕಿನ ಗೊಡವೆ ಇಲ್ಲ, ಮೊದಲನೆಯದು ಮಾತ್ರ ಸಾಕು. ಆದರೆ ಅದಂತೂ ಬೇಕೇ ಬೇಕು. ಅಮೆರಿಕದ ಕಾನೂನಿನಲ್ಲಿ ಒಮ್ಮೆ ಹೊರಬಂದ ಹಾಡನ್ನು ಮತ್ತೊಬ್ಬರು ಹಾಡಿ ಡಿಸ್ಕ್ ಮಾಡಲು ನಿಗದಿತ ಶುಲ್ಕ ತೆತ್ತರೆ ಸಾಕು, ಬರೆದವರು ತಡೆಯಲಾರರು. ಅದೇ ಹಾಡನ್ನು ದೃಶ್ಯದೊಡನೆ ಸೇರಿಸುವುದಾದರೆ ಆ ಸೌಲಭ್ಯವಿಲ್ಲ. ಹಕ್ಕುದಾರರು ಬೇಡವೆಂದರೆ ಅಲ್ಲಿಗೆ ಮುಗಿಯಿತು.

ಆಲಿಯಾಳ ಎರಡನೆಯ ಮತ್ತು ಮೂರನೆಯ ಆಲ್ಬಮ್‌ಗಳ ಮಾಸ್ಟರ್‌ಗಳು ಆಕೆಯ ಸೋದರಮಾವ ಬ್ಯಾರಿ ಹ್ಯಾಂಕರ್ಸನ್ ಕಟ್ಟಿದ ಬ್ಲ್ಯಾಕ್‌ಗ್ರೌಂಡ್ ಕಂಪನಿಯ ಕೈಯಲ್ಲಿದ್ದವು. ಹೆಸರಾಂತ ಹಾಡುಗಳನ್ನು ಸಂಗೀತ ನಿರ್ಮಾಪಕ ಟಿಂಬಲೆಂಡ್, ರ್‍ಯಾಪ್ ಗಾಯಕಿ ಮಿಸ್ಸಿ ಎಲಿಯಟ್, ಗೀತರಚನಕಾರ ಸ್ಟ್ಯಾಟಿಕ್ ಮೇಜರ್ ಮುಂತಾದವರು ಅದೇ ಬಳಗದೊಳಗೆ ಕುಳಿತು ಬರೆದಿದ್ದರು. ಕುಟುಂಬ ಈ ಚಿತ್ರವನ್ನು ವಿರೋಧಿಸಿತು. ಆಕೆಯ ಕಥೆ ಬಂದರೆ ದೊಡ್ಡ ಪರದೆಯ ಮೇಲೆ ಬರಲಿ, ವಾಹಿನಿಯ ಚಿತ್ರವಾಗಿ ಬೇಡ ಎಂಬುದು ಅವರ ನಿಲುವಾಗಿತ್ತು. ಬಾಗಿಲು ಮುಚ್ಚಿದ ಮೇಲೆ ನಿರ್ಮಾಪಕರಿಗೆ ಉಳಿದದ್ದು ಒಂದೇ ದಾರಿ: ಆಲಿಯಾ ಹಾಡಿದ್ದ, ಆದರೆ ಬೇರೆಯವರಿಗೆ ಸೇರಿದ ಹಾಡುಗಳನ್ನು ಹುಡುಕುವುದು. ‘ಅಟ್ ಯುವರ್ ಬೆಸ್ಟ್’ ಐಸ್ಲಿ ಬ್ರದರ್ಸ್ ತಂಡದ 1976ರ ಹಾಡು. ‘ಗಾಟ್ ಟು ಗಿವ್ ಇಟ್ ಅಪ್’ ಗಾಯಕ ಮಾರ್ವಿನ್ ಗೇ ಅವರದು. ಇಂಥವು ಚಿತ್ರದಲ್ಲಿವೆ. ಇಲ್ಲದಿರುವುದು ಯಾವುದು ಎಂದು ಕೇಳಿದರೆ, ಆಲಿಯಾಳನ್ನು ಆಲಿಯಾ ಮಾಡಿದ್ದೆಲ್ಲವೂ ಎನ್ನಬೇಕು. 1998ರ ‘ಆರ್ ಯು ದಟ್ ಸಂಬಡಿ’ ಹಾಡಿನಲ್ಲಿ ತಾಳ ಓಡುತ್ತ ಓಡುತ್ತ ತಟ್ಟನೆ ನಿಲ್ಲುತ್ತದೆ, ಆ ನಿಶ್ಶಬ್ದದಲ್ಲಿ ಹಸುಳೆಯೊಂದು ಕಿಲಕಿಲನೆ ಕೇಕೆ ಹಾಕುತ್ತದೆ, ಮತ್ತೆ ತಾಳ ಓಡುತ್ತದೆ. ನಿಮ್ಮ ಮಗಳ ವಾರಿಗೆಯ ಯಾರಿಗೆ ಬೇಕಾದರೂ ಎರಡು ಸೆಕೆಂಡು ಇದನ್ನು ಕೇಳಿಸಿ ನೋಡಿ, ಹೆಸರು ಹೇಳುತ್ತಾರೆ. 2000ದ ‘ಟ್ರೈ ಅಗೇನ್’ ಅಂಗಡಿಯಲ್ಲಿ ಬಿಡಿ ಡಿಸ್ಕ್ ಆಗಿ ಮಾರಾಟಕ್ಕೆ ಬಾರದೆ, ರೇಡಿಯೋ ಪ್ರಸಾರದ ಬಲವೊಂದರಿಂದಲೇ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿದ ಮೊದಲ ಹಾಡು. ಗಾಯಕಿಯ ಕಥೆ ಹೇಳುವ ಚಿತ್ರ ಇವನ್ನು ಬಿಟ್ಟು ನಡೆಯಬೇಕಾದರೆ, ಆಕೆ ಏಕೆ ಪ್ರಸಿದ್ಧಳಾದಳು ಎಂಬುದನ್ನು ಪಾತ್ರಗಳ ಬಾಯಲ್ಲಿ ಹೇಳಿಸಬೇಕಾಗುತ್ತದೆ. ಹೇಳಿಸಿದರೆ ಯಾರೂ ನಂಬುವುದಿಲ್ಲ.

ಇದಕ್ಕೆ ಸೇರಿದ ಇನ್ನೊಂದು ಸಂಗತಿಯನ್ನು ಆಗಿನ ಬರಹಗಳು ಹೆಚ್ಚಾಗಿ ಗಮನಿಸಲಿಲ್ಲ, ನನಗೆ ಅದು ಬಹಳ ದೊಡ್ಡದೆಂದು ತೋರುತ್ತದೆ. 2014ರಲ್ಲಿ ಆಲಿಯಾಳ ಮೊದಲ ಆಲ್ಬಮ್ ಬಿಟ್ಟರೆ ಉಳಿದೆರಡು ಸ್ಟ್ರೀಮಿಂಗ್ ತಾಣಗಳಲ್ಲಿ ಸಿಗುತ್ತಲೇ ಇರಲಿಲ್ಲ. ಅವು ಬಂದದ್ದು 2021ರಲ್ಲಿ, ಆಕೆ ತೀರಿಕೊಂಡ ಇಪ್ಪತ್ತು ವರ್ಷಗಳ ಮೇಲೆ. ಹಳೆಯ ಡಿಸ್ಕ್ ಗೀಚು ಬಿದ್ದು ಹಾಳಾದವರು, ಕ್ಯಾಸೆಟ್ ಕಳೆದುಕೊಂಡವರು ಆ ಹಾಡುಗಳಿಗಾಗಿ ಹಂಬಲಿಸುತ್ತಿದ್ದ ಕಾಲ ಅದು. ಹಾಗಿರುವಾಗ ಟೀವಿಯಲ್ಲಿ ಆಕೆಯ ಹೆಸರಿನ ಚಿತ್ರ ಬರುತ್ತದೆ ಎಂದಾಗ ಜನ ಕಾದದ್ದು ಕಥೆಗಾಗಿ ಅಲ್ಲ, ಹಾಡಿಗಾಗಿ. ಎರಡು ಗಂಟೆ ಕುಳಿತರೂ ಆ ಹಾಡುಗಳು ಬರಲೇ ಇಲ್ಲ. ಹಸಿದವರನ್ನು ಪಂಕ್ತಿಯಲ್ಲಿ ಕೂರಿಸಿ ಎಲೆ ಹಾಕಿ, ಅನ್ನ ಬಡಿಸದೆ ಎಬ್ಬಿಸಿದಂತಾಯಿತು.

ಮರುವರ್ಷ ಅದೇ ವಾಹಿನಿಯಲ್ಲಿ ಬಂದ ಗಾಯಕಿ ವಿಟ್ನಿ ಹ್ಯೂಸ್ಟನ್ ಜೀವನಚಿತ್ರವನ್ನು ಇದರ ಪಕ್ಕದಲ್ಲಿಟ್ಟರೆ ಹಕ್ಕಿನ ಲೆಕ್ಕ ಇನ್ನೂ ತಿಳಿಯಾಗುತ್ತದೆ. 2015ರ ಜನವರಿ 17ರಂದು ಪ್ರಸಾರವಾದ ಆ ಚಿತ್ರವನ್ನು ನಿರ್ದೇಶಿಸಿದವರು ನಟಿ ಆಂಜೆಲಾ ಬ್ಯಾಸೆಟ್. ಅಲ್ಲಿಯೂ ಕುಟುಂಬ ಒಪ್ಪಿರಲಿಲ್ಲ. ವಿಟ್ನಿಯ ಅತ್ತಿಗೆ ಪ್ಯಾಟ್ ಹ್ಯೂಸ್ಟನ್ ಅಭಿಮಾನಿಗಳಿಗೆ ಬಹಿರಂಗ ಪತ್ರ ಬರೆದು ವಿರೋಧಿಸಿದರು. ಆದರೂ ವಿಟ್ನಿಯ ದೊಡ್ಡ ಹಾಡುಗಳು ಆ ಚಿತ್ರದಲ್ಲಿವೆ. ಹೇಗೆಂದರೆ, ಆಕೆಯ ಹಾಡುಗಳನ್ನು ಬರೆದವರು ಬೇರೆ ಬೇರೆ ಕಡೆಯವರು: ‘ಐ ವಿಲ್ ಆಲ್‌ವೇಸ್ ಲವ್ ಯು’ ಡಾಲಿ ಪಾರ್ಟನ್ ಅವರದು, ‘ಐ ಆ್ಯಮ್ ಎವ್ರಿ ವುಮನ್’ ಆ್ಯಶ್‌ಫರ್ಡ್ ಮತ್ತು ಸಿಂಪ್ಸನ್ ದಂಪತಿಗಳದು. ಅವುಗಳ ಪ್ರಕಾಶನ ಹಕ್ಕು ಹ್ಯೂಸ್ಟನ್ ಮನೆಯವರ ಹಿಡಿತದಲ್ಲಿರಲಿಲ್ಲ. ಯಾಯಾ ಡಾಕೋಸ್ಟಾ ನಟಿಸಿದರು, ಗಾಯಕಿ ಡೆಬೋರಾ ಕಾಕ್ಸ್ ಹಾಡಿದರು. ನಮ್ಮ ಹಿನ್ನೆಲೆ ಗಾಯನದ ಪದ್ಧತಿಯೇ ಸರಿ. ಕಥೆಯ ಬಗ್ಗೆ ಜಗಳವಾಡಿದ ವೀಕ್ಷಕರೂ ಹಾಡಿನ ವಿಷಯದಲ್ಲಿ ಬಹುಮಟ್ಟಿಗೆ ತೃಪ್ತರಾಗಿದ್ದರು.

ಮುಖದ ವಿಷಯಕ್ಕೆ ಬರೋಣ, ಏಕೆಂದರೆ 2014ರ ನವೆಂಬರ್ 15ರ ರಾತ್ರಿ ಜನ ನಕ್ಕದ್ದು ಮುಖಗಳನ್ನು ನೋಡಿ. ಮಿಸ್ಸಿ ಎಲಿಯಟ್ ಮತ್ತು ಟಿಂಬಲೆಂಡ್ ಪಾತ್ರಗಳಿಗೆ ಆರಿಸಿದ ನಟರಿಗೆ ಅಸಲಿಗಳ ಮೈಕಟ್ಟಾಗಲಿ ಮೈಬಣ್ಣವಾಗಲಿ ಇರಲಿಲ್ಲ. ಇಬ್ಬರೂ ಬದುಕಿರುವವರು, ಲಕ್ಷಾಂತರ ಜನ ಕಣ್ಣಾರೆ ನೋಡಿರುವವರು. ಪ್ರಸಾರ ನಡೆಯುತ್ತಿದ್ದಂತೆಯೇ ಟ್ವಿಟರ್‌ನಲ್ಲಿ ಹ್ಯಾಷ್‌ಟ್ಯಾಗ್ ಕಟ್ಟಿಕೊಂಡು, ಲೈಫ್‌ಟೈಮ್ ಇನ್ನು ಯಾರ ಪಾತ್ರಕ್ಕೆ ಯಾರನ್ನು ಹಾಕಬಹುದು ಎಂದು ಒಂದಕ್ಕೊಂದು ತಾಳಮೇಳವಿಲ್ಲದ ಜೋಡಿ ಚಿತ್ರಗಳನ್ನು ಹಾಕುತ್ತ ಹೋದರು. ಟಿಂಬಲೆಂಡ್ ಸ್ವತಃ ಇನ್‌ಸ್ಟಾಗ್ರಾಮಿನಲ್ಲಿ ಅಂಥ ಮೀಮ್‌ಗಳನ್ನು ಹಂಚಿದರು. ಹೊರಗಿನಿಂದ ನೋಡಿದವರಿಗೆ ಇದು ಬರಿಯ ಮೋಜು. ಒಳಗೆ ಹಳೆಯ ಗಾಯವೊಂದಿತ್ತು: ಕಪ್ಪು ಬಣ್ಣದ, ದಪ್ಪ ಮೈಕಟ್ಟಿನ ಕಲಾವಿದೆಯ ಪಾತ್ರಕ್ಕೂ ಬಣ್ಣ ತಿಳಿಯಾದ, ತೆಳ್ಳಗಿನವರನ್ನೇ ಹುಡುಕುವ ಪರದೆಯ ಚಾಳಿ. ನಮ್ಮ ಕನ್ನಡ ಧಾರಾವಾಹಿಗಳಲ್ಲಿ ನಾಯಕಿ ಕಪ್ಪು ಎಂದು ಕಥೆ ಹೇಳಿ, ಬೆಳ್ಳಗಿನ ನಟಿಗೆ ಬಣ್ಣ ಬಳಿದು ನಿಲ್ಲಿಸುವುದನ್ನು ಕಂಡವರಿಗೆ ಈ ಸಿಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿಸ್ಸಿ ಎಲಿಯಟ್ ತಮ್ಮ ಮೈ, ತಮ್ಮ ಬಣ್ಣವನ್ನು ಯಾವ ತಗ್ಗುಬಗ್ಗೂ ಇಲ್ಲದೆ ಪರದೆಯ ಮೇಲೆ ತಂದು ಗೆದ್ದವರು. ಅವರ ಪಾತ್ರದಿಂದ ಅದನ್ನೇ ಕಿತ್ತುಹಾಕಿದರೆ ಏನು ಉಳಿಯುತ್ತದೆ?

ಗೇಲಿಯ ಬಗ್ಗೆ ಇನ್ನೊಂದು ಮಾತು. ಆ ರಾತ್ರಿ ಚಿತ್ರವನ್ನು ಸುಮಾರು 32 ಲಕ್ಷ ಜನ ನೋಡಿದರು. ವಿಟ್ನಿ ಚಿತ್ರವನ್ನು 45 ಲಕ್ಷ. ಅಂದರೆ ಸಿಟ್ಟು ನೋಡುಗರನ್ನು ಓಡಿಸಲಿಲ್ಲ, ಸೇರಿಸಿತು. ಟೀವಿ ವೀಕ್ಷಕರ ಲೆಕ್ಕ ಇಡುವ ನೀಲ್ಸನ್ ಸಂಸ್ಥೆ 2013ರ ಅಕ್ಟೋಬರ್‌ನಿಂದಲೇ ಟ್ವಿಟರ್‌ನಲ್ಲಿ ಯಾವ ಕಾರ್ಯಕ್ರಮದ ಬಗ್ಗೆ ಎಷ್ಟು ಮಾತಾಗುತ್ತಿದೆ ಎಂದು ಅಳೆಯತೊಡಗಿತ್ತು. ಆ ಅಳತೆಗೋಲಿಗೆ ಹೊಗಳಿಕೆ, ತೆಗಳಿಕೆ ಎರಡೂ ಒಂದೇ ತೂಕ. ಹೀಗಾಗಿ ಟ್ವಿಟರ್‌ನ ಗದ್ದಲವನ್ನು ವಾಹಿನಿಯ ಸೋಲೆಂದು ಓದುವುದು ತಪ್ಪು.

ಈಗ ನಿಮ್ಮ ಮಗಳು ಎದ್ದುಹೋದ ಭಾಗ. 1994ರ ಮೇ ತಿಂಗಳಲ್ಲಿ ಬಂದ ಆಲಿಯಾಳ ಮೊದಲ ಆಲ್ಬಮ್ಮಿನ ಹಾಡುಗಳನ್ನು, ‘ಅಟ್ ಯುವರ್ ಬೆಸ್ಟ್’ ಒಂದನ್ನು ಬಿಟ್ಟು, ಬರೆದು ನಿರ್ಮಿಸಿದವನು ಗಾಯಕ ಆರ್. ಕೆಲ್ಲಿ. ವಯಸ್ಸೆಂಬುದು ಬರಿಯ ಒಂದು ಸಂಖ್ಯೆ ಎಂಬರ್ಥದ ಶೀರ್ಷಿಕೆಯನ್ನು ಆ ಆಲ್ಬಮ್ಮಿಗೆ ಇಡಲಾಗಿತ್ತು. ಅದೇ ವರ್ಷದ ಆಗಸ್ಟ್ 31ರಂದು ಇಲಿನಾಯ್ ರಾಜ್ಯದಲ್ಲಿ ಅವರಿಬ್ಬರ ಮದುವೆ ದಾಖಲಾಯಿತು. ಅವನಿಗೆ 27, ಅವಳಿಗೆ 15. ಮದುವೆಯ ಪ್ರಮಾಣಪತ್ರದಲ್ಲಿ ಅವಳ ವಯಸ್ಸು 18 ಎಂದು ಬರೆದಿದೆ. ವೈಬ್ ಎಂಬ ಸಂಗೀತ ಪತ್ರಿಕೆ ಆ ಪ್ರಮಾಣಪತ್ರವನ್ನು ಕೆಲವೇ ತಿಂಗಳಲ್ಲಿ ಅಚ್ಚು ಮಾಡಿತು, ಮುಂದಿನ ವರ್ಷ ಮದುವೆ ರದ್ದಾಯಿತು. ಆಲಿಯಾ ತಾನು ಬದುಕಿದ್ದ ಉಳಿದ ಏಳು ವರ್ಷ ಈ ಮದುವೆಯನ್ನು ಬಹಿರಂಗವಾಗಿ ಒಪ್ಪಿಕೊಳ್ಳಲಿಲ್ಲ.

ಚಿತ್ರದಲ್ಲಿ ಇದು ಹೇಗೆ ಬಂದಿದೆ? ಮನೆಯವರು ಒಪ್ಪದ, ಲೋಕ ಬಿಡದ, ಆದರೆ ನಿಜವಾದ ಪ್ರೀತಿಯಾಗಿ. ಹುಡುಗಿ ಅವನನ್ನು ಬಯಸುತ್ತಾಳೆ, ಅಗಲಿಕೆಯಿಂದ ನರಳುತ್ತಾಳೆ, ಸಂಗೀತ ಮಧುರವಾಗುತ್ತದೆ. ಇಲ್ಲಿ ನೀವು ಒಂದು ಸಣ್ಣ ಸಂಗತಿಯನ್ನು ಹತ್ತಿರದಿಂದ ಗಮನಿಸಬೇಕು. ಪಾತ್ರಕ್ಕೆ ಹದಿನೈದು ವರ್ಷ, ನಟಿಗೆ ಇಪ್ಪತ್ತು ದಾಟಿದೆ. ಇಬ್ಬರು ವಯಸ್ಕರು ಎದುರುಬದುರು ನಿಂತಾಗ ಕಣ್ಣಿಗೆ ಕಾಣುವುದು ಗಂಡು, ಹೆಣ್ಣು. ಗಂಡಸು ಮತ್ತು ಒಂಬತ್ತನೆಯ ಇಯತ್ತೆ ದಾಟಿದ ಮಗು ಎಂದು ಕಾಣುವುದೇ ಇಲ್ಲ. ಸಂಭಾಷಣೆಯಲ್ಲಿ ವಯಸ್ಸು ಎಷ್ಟು ಸಲ ಬಂದರೂ ಕಣ್ಣು ಅದನ್ನು ಒಪ್ಪುವುದಿಲ್ಲ. ನಿಮಗೆ ಆ ಭಾಗ ಅಷ್ಟೇನೂ ಕೆಟ್ಟದ್ದೆನಿಸದಿದ್ದರೆ ಅದು ನಿಮ್ಮ ತಪ್ಪಲ್ಲ, ಪರದೆ ನಿಮಗೆ ಮಗುವನ್ನು ತೋರಿಸಿಯೇ ಇಲ್ಲ. ನಿಮ್ಮ ಮಗಳಿಗೆ ಮಾತ್ರ ಆ ಮಗು ಗೊತ್ತಿತ್ತು. ಅದೇ ಊರಿನಲ್ಲಿ, ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ ಆಕೆಯ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡು ಬೆಳೆದವಳಿಗೆ, ಅವಳು ತನ್ನಂತೆಯೇ ಶಾಲೆಗೆ ಹೋಗುತ್ತಿದ್ದ ಹುಡುಗಿ. ಆಲಿಯಾ ಡೆಟ್ರಾಯಿಟ್‌ನ ಲಲಿತಕಲೆಗಳ ಪ್ರೌಢಶಾಲೆಯಿಂದ ತೇರ್ಗಡೆಯಾದದ್ದೇ 1997ರಲ್ಲಿ, ಆ ಮದುವೆಯ ಪತ್ರಕ್ಕೆ ಮೂರು ವರ್ಷ ತುಂಬುತ್ತಿದ್ದಾಗ.

ಚಿತ್ರ ಪ್ರಸಾರವಾದಾಗಲೇ ಹಲವು ವೀಕ್ಷಕರು, ವಿಶೇಷವಾಗಿ ಕಪ್ಪು ಮಹಿಳೆಯರು, ಇದನ್ನು ಎತ್ತಿ ಹೇಳಿದರು. ಆದರೆ ಮುಖದ ಮೀಮ್‌ಗಳ ನಗೆಯಲ್ಲಿ ಆ ದನಿ ಅಡಗಿಹೋಯಿತು. ಮರುದಿನದ ಸುದ್ದಿಗಳೂ ಹೆಚ್ಚಾಗಿ ಪಾತ್ರವರ್ಗದ ಗೇಲಿಯನ್ನೇ ಬರೆದವು. ನನ್ನ ಮಟ್ಟಿಗೆ ಈ ಇಡೀ ಪ್ರಕರಣದಲ್ಲಿ ಅತ್ಯಂತ ಬೇಸರದ ಸಂಗತಿ ಇದು. ಜನರ ಬಳಿ ಸರಿಯಾದ ದೂರು ಇತ್ತು, ಅದಕ್ಕಿಂತ ಹಗುರವಾದ ದೂರು ಹೆಚ್ಚು ದೂರ ಹೋಯಿತು. ಐದು ವರ್ಷ ಕಳೆಯುವುದರೊಳಗೆ, 2019ರ ಜನವರಿಯಲ್ಲಿ, ಅದೇ ಲೈಫ್‌ಟೈಮ್ ವಾಹಿನಿ ಕೆಲ್ಲಿಯಿಂದ ನೊಂದ ಹೆಂಗಸರ ಮಾತುಗಳನ್ನು ಆರು ಕಂತುಗಳ ಸಾಕ್ಷ್ಯಚಿತ್ರವಾಗಿ ಪ್ರಸಾರ ಮಾಡಿತು. ಅದರಲ್ಲಿ ಆಲಿಯಾಳ ಮದುವೆಯ ಕಥೆ ಪ್ರೇಮಕಥೆಯಾಗಿ ಬರಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಬ್ರೂಕ್ಲಿನ್‌ನ ಫೆಡರಲ್ ನ್ಯಾಯಾಲಯದಲ್ಲಿ ಕೆಲ್ಲಿ ತಪ್ಪಿತಸ್ಥನೆಂದು ತೀರ್ಮಾನವಾಯಿತು. ಆಲಿಯಾಳ ವಯಸ್ಸು ಹೆಚ್ಚು ತೋರಿಸುವ ಗುರುತುಚೀಟಿಗಾಗಿ ಸರ್ಕಾರಿ ಕಚೇರಿಯ ನೌಕರನೊಬ್ಬನಿಗೆ ಲಂಚ ಕೊಟ್ಟದ್ದೂ ಆ ಆರೋಪಗಳಲ್ಲಿ ಒಂದಾಗಿತ್ತು. ಮರುವರ್ಷ ಅವನಿಗೆ 30 ವರ್ಷಗಳ ಸೆರೆ ಶಿಕ್ಷೆಯಾಯಿತು. 2014ರ ಚಿತ್ರ ಮಧುರವಾಗಿ ತೋರಿಸಿದ್ದು ನ್ಯಾಯಾಲಯದಲ್ಲಿ ಲಂಚದ ಸಾಕ್ಷ್ಯವಾಗಿ ನಿಂತಿತು.

ಬರೆದವರು ದುರುದ್ದೇಶದಿಂದ ಹೀಗೆ ಮಾಡಿದರೆಂದು ನಾನು ಹೇಳಲಾರೆ. ಎರಡು ಗಂಟೆಯ ವಾಹಿನಿ ಚಿತ್ರದಲ್ಲಿ ಜಾಹೀರಾತು ಕಳೆದರೆ ಕಥೆಗೆ ಸಿಗುವುದು ಒಂದೂವರೆ ಗಂಟೆಯ ಆಸುಪಾಸು. ಪ್ರತಿ ಜಾಹೀರಾತಿನ ಮುಂಚೆ ನೋಡುವವರು ಚಾನೆಲ್ ಬದಲಿಸದಂತೆ ಒಂದು ಕೊಕ್ಕೆ ಬೇಕು. ಸ್ಟುಡಿಯೋದಲ್ಲಿ ಕುಳಿತು ತಾಳವೊಂದನ್ನು ತಿದ್ದುವುದರಿಂದ ಅಂಥ ಕೊಕ್ಕೆ ಹುಟ್ಟುವುದಿಲ್ಲ. ತಂದೆತಾಯಿಯ ವಿರೋಧ, ಕದ್ದ ಭೇಟಿ, ಅಗಲಿಕೆ ಇವುಗಳಿಂದ ಹುಟ್ಟುತ್ತದೆ. ಮೇಲಾಗಿ ಆಕೆಯ ಹಾಡುಗಳೇ ಕೈಯಲ್ಲಿಲ್ಲದಿರುವಾಗ ಸಂಗೀತದ ಬದುಕನ್ನು ಕಥೆಯ ಬೆನ್ನೆಲುಬಾಗಿಸುವಂತಿಲ್ಲ. ಹಾಡಿನ ಕೊರತೆ ಕಥೆಯನ್ನು ಆ ಮದುವೆಯ ಕಡೆಗೆ ತಳ್ಳಿತು ಎಂಬುದು ನನ್ನ ತೀರ್ಮಾನ. ವಿಟ್ನಿಯ ಚಿತ್ರವೂ ಆಕೆಯ ಗಂಡ, ಗಾಯಕ ಬಾಬ್ಬಿ ಬ್ರೌನ್ ಜೊತೆಗಿನ ಕೆಲವು ವರ್ಷಗಳನ್ನೇ ಹಿಡಿದುಕೊಂಡಿತು. ಅವರಿಬ್ಬರೂ ವಯಸ್ಕರಾಗಿದ್ದುದರಿಂದ ಅಲ್ಲಿ ಅದು ಆಯ್ಕೆಯ ದೋಷವಾಗಿ ಉಳಿಯಿತು. ಆಲಿಯಾಳ ವಿಷಯದಲ್ಲಿ ಅದು ಕ್ಷಮಿಸಲಾಗದ ದೋಷವಾಯಿತು.

ಕಾನೂನಿನ ಪ್ರಶ್ನೆಗೆ ಉತ್ತರ ಚಿಕ್ಕದು: ಹೌದು, ತೆಗೆಯಬಹುದು. ಅಮೆರಿಕದಲ್ಲಿ ಸಾರ್ವಜನಿಕ ವ್ಯಕ್ತಿಯ ಬದುಕನ್ನು ನಾಟಕವಾಗಿಸುವುದು ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆ, ಮತ್ತು ತೀರಿಕೊಂಡವರ ಪರವಾಗಿ ಮಾನನಷ್ಟದ ದಾವೆ ಹೂಡಲಾಗುವುದಿಲ್ಲ. ಬದುಕಿರುವವರೇ ನ್ಯಾಯಾಲಯಕ್ಕೆ ಹೋದಾಗಲೂ ಗೆಲುವು ಕಷ್ಟ. ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ತಮ್ಮನ್ನು ಪಾತ್ರವಾಗಿಸಿದ ಕಿರುತೆರೆ ಸರಣಿಯ ವಿರುದ್ಧ ಹೂಡಿದ ಮೊಕದ್ದಮೆಯನ್ನು ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ತಳ್ಳಿಹಾಕಿತು. ಸಾಮಾನ್ಯವಾಗಿ ನಿರ್ಮಾಪಕರು ಪ್ರಕಟವಾದ ಜೀವನಚರಿತ್ರೆಯೊಂದರ ಹಕ್ಕನ್ನು ಕೊಂಡು ಅದರ ಆಧಾರದಲ್ಲಿ ಮುಂದುವರಿಯುತ್ತಾರೆ; ಈ ಚಿತ್ರಕ್ಕೂ ಪತ್ರಕರ್ತ ಕ್ರಿಸ್ಟೊಫರ್ ಜಾನ್ ಫಾರ್ಲಿ ಅವರ ಪುಸ್ತಕ ಆಧಾರವಾಗಿತ್ತು. ಭಾರತದಲ್ಲಿಯೂ ದಾರಿ ಬಹಳ ಬೇರೆಯಿಲ್ಲ. ನಮ್ಮ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ಅವರ ಕುರಿತ ಚಿತ್ರಗಳನ್ನು ತಡೆಯಬೇಕೆಂದು ಅವರ ಸೋದರನ ಮಗಳು ಕೋರಿದಾಗ, ವ್ಯಕ್ತಿಯೊಡನೆಯೇ ಅವರ ಖಾಸಗಿತನದ ಹಕ್ಕೂ ಮುಗಿಯುತ್ತದೆ, ಅದು ವಾರಸುದಾರರಿಗೆ ಆಸ್ತಿಯಂತೆ ಬರುವುದಿಲ್ಲ ಎಂದು ಮದ್ರಾಸ್ ಹೈಕೋರ್ಟ್ 2021ರಲ್ಲಿ ಹೇಳಿತು. ಕುಟುಂಬದ ಕೈಯಲ್ಲಿ ನಿಜವಾಗಿ ಉಳಿಯುವ ಅಸ್ತ್ರವೆಂದರೆ ಹಾಡಿನ ಹಕ್ಕೊಂದೇ. ಆಲಿಯಾಳ ಮನೆಯವರು ಬಳಸಿದ್ದೂ ಅದನ್ನೇ.

ಹಾಗಾದರೆ ಮನೆಯವರು ಒಪ್ಪಿದ್ದರೆ ಚಿತ್ರ ಒಳ್ಳೆಯದಾಗುತ್ತಿತ್ತು ಎಂದುಕೊಳ್ಳಬೇಡಿ. ತೆಹಾನೋ, ಅಂದರೆ ಟೆಕ್ಸಸ್‌ನ ಮೆಕ್ಸಿಕನ್ ಮೂಲದವರ ಸಂಗೀತದ ಗಾಯಕಿ ಸೆಲೆನಾ ಬಗ್ಗೆ ನೆಟ್‌ಫ್ಲಿಕ್ಸ್ 2020ರ ಡಿಸೆಂಬರ್‌ನಲ್ಲಿ ತಂದ ಸರಣಿಯ ಹಿಂದೆ ಆಕೆಯ ಕುಟುಂಬವೇ ಇತ್ತು, ಹಾಡುಗಳೂ ಇದ್ದವು. ಅದನ್ನು ನೋಡಿದ ಅಭಿಮಾನಿಗಳ ದೂರು ಬೇರೆ: ಕಥೆ ತಂದೆಯ ಸುತ್ತ, ಒಡಹುಟ್ಟಿದವರ ಸುತ್ತ ಸುತ್ತುತ್ತದೆ, ಸೆಲೆನಾ ತನ್ನದೇ ಕಥೆಯಲ್ಲಿ ಮೂಲೆಗೆ ಸರಿದಿದ್ದಾಳೆ ಎಂದು. ಮನೆಯವರು ಹೇಳಿಸುವ ಕಥೆಯಲ್ಲಿ ಮನೆಯವರೇ ದೊಡ್ಡವರಾಗುವುದು ಸಹಜ. ನಾನು ನೋಡಿದವುಗಳಲ್ಲಿ ವೀಕ್ಷಕರು ಮನಸಾರೆ ಒಪ್ಪಿಕೊಂಡದ್ದು ಬಿಇಟಿ ವಾಹಿನಿ 2017ರ ಜನವರಿಯಲ್ಲಿ ಮೂರು ರಾತ್ರಿ ತೋರಿಸಿದ, ಬಾಸ್ಟನ್‌ನ ನ್ಯೂ ಎಡಿಷನ್ ಗಾಯಕ ತಂಡದ ಕಥೆ. ತಂಡದವರೇ ಜೊತೆಗಿದ್ದರು, ಆದರೆ ತಮ್ಮ ಜಗಳ, ಚಟ, ಮೋಸ ಯಾವುದನ್ನೂ ಮುಚ್ಚಿಡಲಿಲ್ಲ. ನಟರು ಆ ಕುಣಿತವನ್ನು ಮೈಗೂಡುವಷ್ಟು ಅಭ್ಯಾಸ ಮಾಡಿದ್ದರು. ಮೊದಲ ರಾತ್ರಿ 42 ಲಕ್ಷ ಜನ ನೋಡಿದರು. ಟ್ವಿಟರ್‌ನಲ್ಲಿ ಅಂದೂ ಗದ್ದಲವೇ, ಆದರೆ ಅದು ಜೊತೆಗೂಡಿ ಹಾಡಿದವರ ಗದ್ದಲ.

ಕೊನೆಯದಾಗಿ ಜೆಂಡಾಯಾ. 2014ರ ಜೂನ್‌ನಲ್ಲಿ ಆಕೆಯ ಹೆಸರು ಪ್ರಕಟವಾದೊಡನೆ, ಡಿಸ್ನಿ ಚಾನೆಲ್‌ನ ಹುಡುಗಿ, ಆಲಿಯಾಳನ್ನು ಹೋಲುವುದಿಲ್ಲ ಎಂಬ ವಿರೋಧ ಎದ್ದಿತು, ಆ ತಿಂಗಳೇ ಆಕೆ ಹೊರಬಂದರು. ಮಾಡಬೇಕಾದಷ್ಟು ಗುಣಮಟ್ಟದಲ್ಲಿ ಕೆಲಸ ನಡೆಯುತ್ತಿರಲಿಲ್ಲ, ಹಾಡಿನ ಹಕ್ಕುಗಳ ತೊಡಕಿತ್ತು, ವಿಷಯವನ್ನು ಸೂಕ್ಷ್ಮವಾಗಿ ನಿಭಾಯಿಸುತ್ತಿಲ್ಲ ಅನಿಸಿತು ಎಂದು ನಂತರ ತಾವೇ ಕಾರಣ ಕೊಟ್ಟರು. ಹದಿನೇಳರ ಹುಡುಗಿ ನಿರ್ಮಾಪಕರಿಗಿಂತ ಮೊದಲೇ ಇದನ್ನು ಕಂಡಿದ್ದಳು ಎಂಬುದು ನನಗೆ ಇಂದಿಗೂ ಗೌರವದ ಮಾತು. ಆಕೆ ಉಳಿದಿದ್ದರೆ ಒಂದು ವ್ಯತ್ಯಾಸವಾಗುತ್ತಿತ್ತು, ಅದು ಸಣ್ಣದಲ್ಲ: ಆ ವಯಸ್ಸಿನ ಮುಖ ಪರದೆಯ ಮೇಲೆ ಬಂದಿದ್ದರೆ, ಎದುರಿಗಿದ್ದ ಗಂಡಸಿನ ಪಕ್ಕದಲ್ಲಿ ಮಗು ಮಗುವಾಗಿಯೇ ಕಾಣುತ್ತಿತ್ತು, ಆ ದೃಶ್ಯಗಳನ್ನು ಹಾಗೆ ಮಧುರವಾಗಿ ತೆಗೆಯುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲವೇನೋ. ಬಂದಿದ್ದರೆ, ನಿಮ್ಮ ಮಗಳೊಬ್ಬಳೇ ಅಲ್ಲ, ನೀವೂ ಅಲ್ಲಿಯೇ ಟೀವಿ ಆರಿಸುತ್ತಿದ್ದಿರಿ.